ಹತ್ತೊಂಬತ್ತು ದಿನ ಮುಂಚೆ

ಸೂಜಿಯಕ್ಕ ಮೆಟ್ಟಿಲು ಹತ್ತುವ ಸದ್ದಿನಲ್ಲೇ ವಕೀಲೆಗೆ ಗೊತ್ತಾಯಿತು, ಇವತ್ತು ಏನೋ ಕೆಟ್ಟಿದೆ ಎಂದು. ಎಲ್ಲ ಸರಿಯಿದ್ದ ದಿನ ಆಕೆ ಕೆಳಗಿನ ಬೀಗದಂಗಡಿಯವನನ್ನು ಎರಡು ಮಾತು ಚುಡಾಯಿಸಿ, ನಕ್ಕು, ಆಮೇಲೆ ಮೇಲೆ ಬರುವವಳು. ಇವತ್ತು ನೇರವಾಗಿ ಬಂದಳು. ಕೂರಲಿಲ್ಲ. ಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲೆ ಒಗೆದಳು.

"ಓದಿ ಮೇಡಂ. ನನ್ನ ಕೈಯಾರೆ ಮಾಡಿದ್ದನ್ನ ನಾನೇ ಕದ್ದಿದ್ದೀನಂತೆ."

ವಕೀಲೆ ಓದಿದಳು. ಮೂವತ್ತೊಂದು ವರ್ಷದಿಂದ ಪೇಟೆಂಟ್ ಕೆಲಸ ಮಾಡಿಕೊಂಡು ಬಂದವಳಿಗೆ ಇಂಥ ನೋಟಿಸು ಹೊಸದಲ್ಲ. ತಾನೇ ನೂರಾರು ಬರೆದಿದ್ದಳು. ಹೊಲಿಗೆ ಯಂತ್ರ ಮಾಡುವ ದೊಡ್ಡ ಕಂಪನಿ ಹೇಳುವುದಿಷ್ಟು: ಸೂಜಿ ಬೆರಳಿಗೆ ನಾಟದಂತೆ ತಡೆಯುವ, ತಾನಾಗಿ ಸರಿದು ತಾನಾಗಿ ವಾಪಸ್ ಬರುವ ಗಾರ್ಡಿನ ಪೇಟೆಂಟ್ ನಮಗೆ ಸಿಕ್ಕಿದೆ. ನೀವು ಅದನ್ನು ಮಾಡಿ ಮಾರುತ್ತಿದ್ದೀರಿ. ಕೂಡಲೇ ನಿಲ್ಲಿಸಿ, ಮಾಡಿಟ್ಟಿದ್ದನ್ನು ನಾಶ ಮಾಡಿ, ತಪ್ಪಾಯಿತೆಂದು ಬರೆದುಕೊಡಿ.

ಆಕೆಗೆ ಸೂಜಿಯಕ್ಕ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹದಿನಾರು ವರ್ಷ ಅಂಗಿಯ ಕಾಲರ್ ಹೊಲಿದವಳು. ಎಡಗೈ ತೋರುಬೆರಳಿಗೆ ಎರಡು ಸಲ ಸೂಜಿ ನಾಟಿ ಆಚೆ ಬಂದಿತ್ತು. ಆ ಉಗುರು ಈಗಲೂ ಎರಡು ಹೋಳಾಗಿಯೇ ಬೆಳೆಯುತ್ತದೆ. ಯಂತ್ರಕ್ಕೆ ಗಾರ್ಡು ಇರಲಿಲ್ಲವೇ ಅಂದರೆ, ಇತ್ತು. ಆದರೆ ದಾರ ಪೋಣಿಸಬೇಕಾದಾಗೆಲ್ಲ ಅದರ ಸ್ಕ್ರೂ ಬಿಚ್ಚಬೇಕು. ಗಂಟೆಗೆ ಇಷ್ಟು ಕಾಲರ್ ಎಂದು ಮೇಲ್ವಿಚಾರಕ ತಲೆಯ ಮೇಲೆ ನಿಂತಿರುವಾಗ ಯಾವ ತಾಯಿ ಸ್ಕ್ರೂ ಬಿಚ್ಚುತ್ತಾ ಕೂರುತ್ತಾಳೆ? ಹೆಂಗಸರು ಗಾರ್ಡನ್ನು ಇಕ್ಕಳದಲ್ಲಿ ತಿರುಚಿ ಕಿತ್ತೇ ಬಿಡುತ್ತಿದ್ದರು, ತಪಾಸಣೆಯವರು ಬಂದ ದಿನ ಮಾತ್ರ ಮತ್ತೆ ಸಿಕ್ಕಿಸುತ್ತಿದ್ದರು. ಆ ಕೆಲಸ ಬಿಟ್ಟು ಯಂತ್ರ ರಿಪೇರಿಯ ಅಂಗಡಿ ಇಟ್ಟ ಮೇಲೆ ಸೂಜಿಯಕ್ಕ ಒಂದು ಛತ್ರಿಕಡ್ಡಿ ಬಗ್ಗಿಸಿ, ಬಾಲ್‌ಪೆನ್ನಿನ ಸ್ಪ್ರಿಂಗ್ ಸೇರಿಸಿ ತನ್ನದೇ ಗಾರ್ಡು ಮಾಡಿದಳು. ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಎತ್ತಿದರೆ ಗಾರ್ಡು ಪಕ್ಕಕ್ಕೆ ಸರಿಯುತ್ತದೆ, ದಾರ ಪೋಣಿಸಬಹುದು. ಪಾದ ಇಳಿಸಿದರೆ ಯಾರೂ ಹೇಳದೆಯೇ ವಾಪಸ್ ಬಂದು ಸೂಜಿಯ ಮುಂದೆ ನಿಲ್ಲುತ್ತದೆ. ಎಷ್ಟು ಹಳೆಯ ಯಂತ್ರವಾದರೂ ಸರಿ, ಎರಡು ನಿಮಿಷದಲ್ಲಿ ಕೂರಿಸಬಹುದು.

ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ನಾಲ್ಕು ವರ್ಷದ ಹಿಂದೆ ಆಕೆ ಮೊದಲು ಬಂದದ್ದು ವಕೀಲೆಯ ಹತ್ತಿರವೇ. ಅರ್ಜಿಯೂ ಹೋಯಿತು. ಆದರೆ ದೊಡ್ಡ ಕಂಪನಿ ಅಂಥದ್ದೇ ಗಾರ್ಡಿಗೆ ಅರ್ಜಿ ಹಾಕಿದ್ದು ಅದೇ ತಿಂಗಳ ಹದಿನೇಳಕ್ಕೆ, ಸೂಜಿಯಕ್ಕನದು ಹೋದದ್ದು ಇಪ್ಪತ್ತೆರಡಕ್ಕೆ. ಮೊದಲು ಕಂಡುಹಿಡಿದವರು ಯಾರು ಎಂದು ಪೇಟೆಂಟ್ ಕಚೇರಿ ಕೇಳುವುದಿಲ್ಲ, ಮೊದಲು ಅರ್ಜಿ ಹಾಕಿದವರು ಯಾರು ಎಂದು ಕೇಳುತ್ತದೆ. ಕಂಪನಿಯದು ಮಂಜೂರಾಯಿತು, ಸೂಜಿಯಕ್ಕನದು ಕಪಾಟಿನಲ್ಲಿ ಧೂಳು ತಿನ್ನುತ್ತಾ ಕೂತಿತು.

"ಈಗೇನು ಮಾಡೋದು?" ಎಂದಳು ಸೂಜಿಯಕ್ಕ.

"ಅವರ ಪೇಟೆಂಟ್ ಬೀಳಿಸೋದು. ಅವರು ಅರ್ಜಿ ಹಾಕಿದ ಹದಿನೇಳನೇ ತಾರೀಕಿಗಿಂತ ಮುಂಚೆ ಈ ಗಾರ್ಡು ಲೋಕಕ್ಕೆ ಗೊತ್ತಿತ್ತು ಅಂತ ತೋರಿಸ್ಬೇಕು. ಗೊತ್ತಿದ್ದದ್ದು ಹೊಸದಲ್ಲ, ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಎಲ್ಲಾದ್ರೂ ಅಚ್ಚಾದ ಒಂದು ಹಾಳೆ ಸಾಕು."

"ನಾನಂತೂ ಯಾರಿಗೂ ತೋರಿಸಿಲ್ಲ. ನೀವೇ ಬೇಡ ಅಂದಿದ್ರಿ."

"ಅಂದಿದ್ದೆ" ಎಂದಳು ವಕೀಲೆ. ಅವಳ ಬೆನ್ನ ಹಿಂದಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಫಲಕವೇ ಇತ್ತು: ಅರ್ಜಿಗೆ ಮುಂಚೆ ಬಾಯಿ ಬಿಟ್ಟರೆ ಬಣ್ಣಗೇಡು.

ಕಂಪನಿಯ ಪೇಟೆಂಟ್ ರದ್ದು ಮಾಡಿ ಎಂದು ಪೇಟೆಂಟ್ ಕಚೇರಿಗೆ ತಕರಾರು ಸಲ್ಲಿಸಿ, ಮೂರು ವಾರ ಅವಳು ಹುಡುಕಿದಳು. ಐವತ್ತು ವರ್ಷ ಹಳೆಯ ಹೊಲಿಗೆ ಯಂತ್ರದ ಕೈಪಿಡಿಗಳು, ನಾಲ್ಕು ಭಾಷೆಯ ಪೇಟೆಂಟ್‌ಗಳು, ಯಂತ್ರ ಪ್ರದರ್ಶನಗಳ ಪಟ್ಟಿಗಳು. ಸರಿಯುವ ಗಾರ್ಡು ಸಿಕ್ಕಿತು, ವಾಪಸ್ ಬರುವುದು ಸಿಗಲಿಲ್ಲ. ವಾಪಸ್ ಬರುವುದು ಸಿಕ್ಕಿತು, ಅದಕ್ಕೆ ಮೋಟಾರು ಬೇಕಿತ್ತು. ಛತ್ರಿಕಡ್ಡಿಯ ಬುದ್ಧಿ ಲೋಕದಲ್ಲಿ ಇನ್ನಾರಿಗೂ ಹೊಳೆದಿರಲಿಲ್ಲ. ಬೇರೆ ದಿನವಾಗಿದ್ದರೆ ಅವಳಿಗೆ ಹೆಮ್ಮೆಯಾಗುತ್ತಿತ್ತು. ವಿಚಾರಣೆಗೆ ಹದಿನೈದು ದಿನ ಉಳಿದಿದ್ದಾಗ ಅದು ಹೊಟ್ಟೆ ಉರಿಸಿತು.

ಇದರ ನಡುವೆ ತಿಂಗಳ ಹಾಳೆ ಬೇರೆ ಬರೆಯಬೇಕಿತ್ತು. ಪೇಟೆಂಟ್ ಲೋಕದ ಸುದ್ದಿಯನ್ನು ನಾಲ್ಕು ಪುಟದಲ್ಲಿ ಬರೆದು, ಅಚ್ಚು ಹಾಕಿಸಿ, ನೂರ ನಲವತ್ತು ಜನರಿಗೆ ಅಂಚೆಯಲ್ಲಿ ಕಳಿಸುವುದು ಅವಳ ಹಳೆಯ ಹುಚ್ಚು. ಕಕ್ಷಿದಾರರು, ಕಾಲೇಜುಗಳು, ಪರಿಚಯದ ವಕೀಲರು, ಕೇಳಿದವರಿಗೆಲ್ಲ ಹೋಗುತ್ತಿತ್ತು. ಈ ತಿಂಗಳು ಬರೆಯಲು ಬೇಕಾದಷ್ಟಿತ್ತು: ಕಂಪ್ಯೂಟರು ತಾನೇ ಕಂಡುಹಿಡಿದದ್ದಕ್ಕೆ ಕಂಪ್ಯೂಟರಿನ ಹೆಸರನ್ನೇ ಹಾಕಬೇಕೆಂದು ಒಬ್ಬ ಮಹಾಶಯ ಕೋರ್ಟಿಗೆ ಹೋಗಿ ಬೈಸಿಕೊಂಡು ಬಂದದ್ದು, ವಿಚಾರಣೆಗೆ ತಾರೀಕು ಮುಂದೂಡುವುದನ್ನು ಎರಡೇ ಸಲಕ್ಕೆ ಇಳಿಸಿದ್ದು, ಅರ್ಜಿಯ ನಮೂನೆ ಐದನೇ ಸಲ ಬದಲಾದದ್ದು. ಹಿಂದಿನ ನಮೂನೆ ಹೇಗಿತ್ತು ಎಂದು ನೋಡಲು ಅವಳು ತಮ್ಮನ ಕೋಣೆಗೆ ಹೋಗಿ ಹಳೆಯ ಹಾಳೆಗಳ ಕಟ್ಟು ಕೇಳಿದಳು.

ತಮ್ಮ ಅವಳಿಗಿಂತ ಐದು ವರ್ಷ ಚಿಕ್ಕವನು, ಚಿತ್ರ ಬರೆಯುವವನು. ಅವಳು ಮಾತಿನಲ್ಲಿ ಹೇಳಿದ್ದನ್ನು ಅವನು ಗೆರೆಯಲ್ಲಿ ಹೇಳುತ್ತಾನೆ. ಇಪ್ಪತ್ತಾರು ವರ್ಷದಿಂದ ಕಚೇರಿ ನಡೆದಿರುವುದೇ ಹಾಗೆ. ಅವನು ಕಟ್ಟು ಬಿಚ್ಚಿ ಒಂದೊಂದೇ ಹಾಳೆ ತಿರುವುತ್ತಿದ್ದವನು ಒಂದರ ಮೇಲೆ ಕೈಯಿಟ್ಟು ನಿಂತುಬಿಟ್ಟ.

"ಅಕ್ಕ" ಎಂದ. ಹಾಳೆಯನ್ನು ಅವಳ ಕಡೆ ತಿರುಗಿಸಿದ.

ಮೂರನೇ ಪುಟದ ಮೂಲೆಯಲ್ಲಿ ಒಂದು ಚೌಕ. 'ಚಿಕ್ಕ ಬದಲಾವಣೆಯೂ ಆವಿಷ್ಕಾರವೇ?' ಎಂಬ ತಲೆಬರಹ. ಹೌದು, ಎಂದು ಶುರುವಾಗಿ, ಒಬ್ಬ ರಿಪೇರಿಯ ಹೆಂಗಸು ಮಾಡಿದ ಗಾರ್ಡಿನ ವರ್ಣನೆ: ಕಡ್ಡಿ, ಸ್ಪ್ರಿಂಗ್, ಪಾದ ಎತ್ತಿದರೆ ಸರಿಯುವುದು, ಇಳಿಸಿದರೆ ಬರುವುದು. ಹೆಸರಿಲ್ಲ, ಊರಿಲ್ಲ. ಪಕ್ಕದಲ್ಲಿ ತಮ್ಮನ ಚಿತ್ರ, ಬಾಣದ ಗುರುತುಗಳ ಸಮೇತ. ಹಾಳೆಯ ತಾರೀಕು, ನಾಲ್ಕು ವರ್ಷದ ಹಿಂದಿನ ಅದೇ ತಿಂಗಳ ಮೂರು. ಸೂಜಿಯಕ್ಕನ ಅರ್ಜಿ ಹೋದದ್ದು ಇಪ್ಪತ್ತೆರಡಕ್ಕೆ. ಹತ್ತೊಂಬತ್ತು ದಿನ.

ವಕೀಲೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಎಲ್ಲ ನೆನಪಾಯಿತು. ಆ ತಿಂಗಳ ಒಂದನೇ ತಾರೀಕಿಗೇ ಅರ್ಜಿ ಹೋಗಬೇಕಿತ್ತು. ಹೋಗಿದೆ ಎಂದೇ ಅವಳು ನಂಬಿದ್ದಳು. ಚಿತ್ರದ ನಂಬರುಗಳು ತಾಳೆಯಾಗದೆ ತಮ್ಮ ಮತ್ತೆ ಬರೆಯಲು ಇಟ್ಟುಕೊಂಡಿದ್ದ, ಹೇಳಿಯೂ ಇದ್ದ, ಅವಳ ಕಿವಿಗೆ ಬಿದ್ದಿರಲಿಲ್ಲ. ಆ ಗಾರ್ಡು ನೋಡಿದ ಖುಷಿಗೆ ಯಾರಿಗಾದರೂ ಹೇಳಲೇಬೇಕೆಂದು ಅವಳ ಕೈ ತುರಿಸುತ್ತಿತ್ತು. ರಸೀದಿಯ ನಂಬರು ಕಣ್ಣಾರೆ ನೋಡುವವರೆಗೆ ಗಂಡನಿಗೂ ಹೇಳಬೇಡಿ ಎಂದು ಬಂದವರಿಗೆಲ್ಲ ಪಾಠ ಮಾಡುವವಳು, ತಾನು ರಸೀದಿ ನೋಡದೆ ನೂರ ನಲವತ್ತು ಜನರಿಗೆ ಡಂಗುರ ಸಾರಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದೆ ಕಣೋ" ಎಂದಳು. ನಗು ಬರಲಿಲ್ಲ.

ಅದಕ್ಕಿಂತ ದೊಡ್ಡದು ಹಾಳೆಯ ಮೇಲೆಯೇ ಇತ್ತು. ಅದು ಕಚೇರಿಯ ಪ್ರತಿಯಲ್ಲ, ಕಳಿಸಿ ವಾಪಸ್ ಬಂದದ್ದು. ಎರಡನೇ ಪುಟದಲ್ಲಿ ಒಂದು ನಿಯಮದ ಸಂಖ್ಯೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, 'ಹನ್ನೆರಡಲ್ಲ, ಹದಿಮೂರು. ನಿನ್ನ ಗಣಿತ ಕಾಲೇಜಿನಲ್ಲೂ ಹೀಗೇ ಇತ್ತು' ಎಂದು ಬರೆದಿತ್ತು. ಕೆಳಗೆ ಸಹಿ, ಆರನೇ ತಾರೀಕು. ಅವಳ ಜೊತೆ ಕಾನೂನು ಓದಿದ ಒಬ್ಬ ವಕೀಲ. ಎಲ್ಲರ ಬರಹದಲ್ಲೂ ತಪ್ಪು ಹುಡುಕಿ, ಸುತ್ತು ಹಾಕಿ, ತಾರೀಕು ಹಾಕಿ ವಾಪಸ್ ಕಳಿಸುವುದು ಅವನ ಖಯಾಲಿ. ಕಾಲೇಜಿನಲ್ಲೇ ಅವನಿಗೆ ಕೆಂಪು ಪೆನ್ನು ಎಂದು ಹೆಸರು ಬಿದ್ದಿತ್ತು. ಕೆಂಪು ಪೆನ್ನು ಈಗ ದೊಡ್ಡ ಕಂಪನಿಯ ವಕೀಲ. ಆ ಹದಿನೇಳನೇ ತಾರೀಕಿನ ಅರ್ಜಿಗೆ ಸಹಿ ಹಾಕಿದವನೂ ಅವನೇ.

ಅವನು ಹಾಳೆ ನೋಡಿ ಕಂಪನಿಗೆ ಹೇಳಿದನೋ, ಎರಡೂ ಅದರ ಪಾಡಿಗೆ ಅದು ನಡೆಯಿತೋ, ದೇವರಿಗೇ ಗೊತ್ತು. ವಕೀಲೆಗೆ ಅದು ಬೇಕಿರಲಿಲ್ಲ. ಹದಿನೇಳಕ್ಕಿಂತ ಮುಂಚೆ ಅಚ್ಚಾದ ಹಾಳೆ ಅವಳ ಕೈಯಲ್ಲಿತ್ತು. ಅದು ಕಂಪನಿಯ ಪೇಟೆಂಟನ್ನು ಕೊಲ್ಲುತ್ತಿತ್ತು. ಇಪ್ಪತ್ತೆರಡಕ್ಕಿಂತಲೂ ಮುಂಚಿನದಾದ್ದರಿಂದ ಸೂಜಿಯಕ್ಕನ ಅರ್ಜಿಯನ್ನೂ ಕೊಲ್ಲುತ್ತಿತ್ತು. ಜೊತೆಗೆ, ಕಕ್ಷಿದಾರಳ ಗುಟ್ಟನ್ನು ವಕೀಲೆಯೇ ರಟ್ಟು ಮಾಡಿದಳು ಎಂದು ಸರ್ಕಾರಿ ಕಡತದಲ್ಲಿ ಶಾಶ್ವತವಾಗಿ ಬರೆಸುತ್ತಿತ್ತು. ಅಷ್ಟಾದ ಮೇಲೆ ಈ ಮೆಟ್ಟಿಲು ಹತ್ತುವವರು ಯಾರು?

ತಮ್ಮ ಹಾಳೆಯನ್ನು ಕಟ್ಟಿನೊಳಗೆ ವಾಪಸ್ ಇಟ್ಟು ದಾರ ಬಿಗಿದ.

"ನಾವು ನೋಡಿಲ್ಲ" ಎಂದ.

ಮಾರನೆಯ ದಿನ ಕೆಂಪು ಪೆನ್ನಿನ ಫೋನು ಬಂತು. ದನಿಯಲ್ಲಿ ಹಳೆಯ ಸಲಿಗೆ. "ಏನೇ, ಯಾಕೆ ಸುಮ್ನೆ ಒದ್ದಾಡ್ತೀಯಾ? ನಿನ್ನ ಹತ್ರ ಏನೂ ಇಲ್ಲ ಅಂತ ನನಗೆ ಗೊತ್ತು. ನಮ್ಮವರು ಕಟುಕರಲ್ಲ. ಆ ಹೆಂಗಸಿಗೆ ಬದುಕಿರೋವರೆಗೂ ಪುಕ್ಕಟೆ ಪರವಾನಗಿ ಕೊಡ್ತಾರೆ. ಅವಳ ಅಂಗಡೀಲಿ ಅವಳು ಮಾಡ್ಕೊಳ್ಳಿ. ಬೇರೆಯವರಿಗೆ ಕಲಿಸೋ ಹಾಗಿಲ್ಲ. ಇದು ಕಂಪನಿ ಕಂಡುಹಿಡಿದದ್ದು ಅಂತ ಒಂದು ಸಹಿ ಹಾಕ್ಬೇಕು. ಅಷ್ಟೇ."

ಫೋನು ಇಟ್ಟ ಮೇಲೆ ತಮ್ಮನ ಮುಖ ಅರಳಿತ್ತು. "ನೋಡಿದ್ಯಾ ಅಕ್ಕ? ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು ಅಂದ್ರೆ ಇದೇ. ಅವರ ಅಂಗಡಿ ಉಳೀತು, ನಮ್ಮ ಮಾನ ಉಳೀತು."

"ಹಾವೆಲ್ಲಿ ಸತ್ತಿತೋ? ಹಾವು ಹಾಲು ಕುಡಿದು ಮಲಗ್ತು. ಉಳಿದಿದ್ದು ಕೋಲು ಮಾತ್ರ."

"ಕೋಲು ಅಂದ್ರೆ ನೀನು. ನಾನು. ಈ ಕಚೇರಿ." ಅವನ ದನಿ ಏರಿತು. "ಆ ಚಿತ್ರ ನನ್ನ ಕೈಯಿಂದ ಬಂದಿದ್ದು. ನನಗೂ ಐವತ್ತೆರಡಾಯ್ತು. ಈ ವಯಸ್ಸಲ್ಲಿ ಎಲ್ಲಿಗೆ ಹೋಗಿ ಗೆರೆ ಎಳೀಲಿ?"

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ವಕೀಲೆಗೆ ಭಯವಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಎರಡು ದಿನ ಅವಳು ಆ ಕಟ್ಟಿನ ಕಡೆ ತಿರುಗಲಿಲ್ಲ. ಪರವಾನಗಿ ಬಂದರೆ ಸೂಜಿಯಕ್ಕ ಕೈ ಹಿಡಿದು ಕಣ್ಣೀರು ಹಾಕುತ್ತಾಳೆ, ನೀವಿಲ್ಲದಿದ್ದರೆ ನನ್ನ ಗತಿಯೇನು ಮೇಡಂ ಎನ್ನುತ್ತಾಳೆ. ಆ ದೃಶ್ಯ ಕಣ್ಣಿಗೆ ಕಟ್ಟಿದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ತಪ್ಪು ಮಾಡಿದವರಿಗೆ ಶಿಕ್ಷೆ ಸಿಗದಿರಬಹುದು. ಹೊಗಳಿಕೆ ಸಿಗುವುದೆಂದರೆ ಏನರ್ಥ? ಮೂರನೇ ದಿನ ಅವಳು ಕಟ್ಟು ಬಿಚ್ಚಿ, ಹಾಳೆ ತೆಗೆದು, ಸೂಜಿಯಕ್ಕನ ಅಂಗಡಿಗೆ ನಡೆದಳು.

ಅಂಗಡಿ ಎಂದರೆ ಹತ್ತಡಿ ಹನ್ನೆರಡಡಿಯ ಕೋಣೆ. ಗೋಡೆಯುದ್ದಕ್ಕೂ ತಲೆ ಬಿಚ್ಚಿದ ಯಂತ್ರಗಳು, ಸೀಮೆಎಣ್ಣೆಯಲ್ಲಿ ನೆನೆಸಿಟ್ಟ ಬಿಡಿಭಾಗಗಳ ತಟ್ಟೆ. ಸೂಜಿಯಕ್ಕ ಒಂದು ಯಂತ್ರವನ್ನು ಮಗ್ಗುಲಿಗೆ ಮಲಗಿಸಿಕೊಂಡು ಅದರ ಹೊಟ್ಟೆಯೊಳಗೆ ಕೈ ಹಾಕಿದ್ದಳು. ವಕೀಲೆ ನಿಂತುಕೊಂಡೇ ಎಲ್ಲ ಹೇಳಿದಳು. ಮೊದಲು ಕಂಪನಿಯ ಪರವಾನಗಿಯ ಮಾತು, ಆಮೇಲೆ ಹಾಳೆ, ತಾರೀಕು, ರಸೀದಿ ನೋಡದೆ ಬರೆದದ್ದು. ಹೇಗೋ ಆಗಿಹೋಯಿತು ಎನ್ನಲಿಲ್ಲ. ನಾನು ಮಾಡಿದೆ ಎಂದಳು.

ಸೂಜಿಯಕ್ಕ ಬಹಳ ಹೊತ್ತು ಸ್ಕ್ರೂ ತಿರುಗಿಸುತ್ತಲೇ ಇದ್ದಳು.

"ಆ ತಿಂಗಳು ಗಾರ್ಡು ಡಬ್ಬೀಲಿತ್ತು" ಎಂದಳು ಕೊನೆಗೆ. "ನೀವು ಯಾರಿಗೂ ತೋರಿಸ್ಬೇಡಿ ಅಂದ್ರಿ, ನಾನು ಮನೇಲೂ ತೋರಿಸ್ಲಿಲ್ಲ. ನನ್ನ ನಾದಿನಿ ಆಗ ಇನ್ನೂ ಕಾರ್ಖಾನೇಲಿದ್ಲು. ನಾನೇನೋ ಗಾರ್ಡು ಮಾಡಿದ್ದೀನಿ ಅಂತಷ್ಟೇ ಅವಳಿಗೆ ಗೊತ್ತಿತ್ತು, ಒಂದು ಗಾರ್ಡು ಕೊಡು ಅತ್ತಿಗೆ ಅಂತ ದಿನಾ ಕೇಳೋಳು. ತಡಿಯೇ, ಮೇಡಂ ಹೇಳ್ಲಿ ಅಂತಿದ್ದೆ. ಹತ್ತನೇ ತಾರೀಕು ಅವಳ ಬೆರಳಿಗೆ ಸೂಜಿ ಹೋಯ್ತು. ತುದಿ ಮುರಿದು ಮೂಳೇಲಿ ಉಳ್ಕೊಂಡ್ಬಿಡ್ತು. ಆ ಬೆರಳು ಈಗ ಮಡಚಲ್ಲ."

ವಕೀಲೆಗೆ ಇದು ಗೊತ್ತಿರಲಿಲ್ಲ.

"ನನ್ನ ನಾದಿನಿಗೆ ಗುಟ್ಟು. ಊರಿಗೆ ನಾಲ್ಕು ಪುಟ." ಸೂಜಿಯಕ್ಕ ಎದ್ದು ನಿಂತಳು. ಕೈಯಲ್ಲಿ ಸ್ಕ್ರೂಡ್ರೈವರು ಇತ್ತು, ಅದನ್ನು ತಟ್ಟೆಗೆ ಎಸೆದಳು. ಸೀಮೆಎಣ್ಣೆ ಇಬ್ಬರ ಬಟ್ಟೆಗೂ ಸಿಡಿಯಿತು. "ಮಾತಾಡ್ಬೇಡಿ ಮೇಡಂ. ಸ್ವಲ್ಪ ಹೊತ್ತು ಮಾತಾಡ್ಬೇಡಿ."

ಬೀದಿಯಲ್ಲಿ ಯಾರದೋ ಗಾಡಿ ಕೆಟ್ಟು, ಹಿಂದಿದ್ದವರೆಲ್ಲ ಹಾರನ್ನು ಬಾರಿಸಿ, ಅದು ಸರಿಹೋಗಿ, ಎಲ್ಲರೂ ಹೊರಟುಹೋಗುವವರೆಗೆ ಇಬ್ಬರೂ ಹಾಗೇ ಇದ್ದರು.

"ಕಂಪನಿಯವರು ಹಳೇ ಮೆಷಿನ್‌ಗೆ ಗಾರ್ಡು ಹಾಕಿ ಕೊಡ್ತಾರಾ?" ಎಂದು ಸೂಜಿಯಕ್ಕ ಕೇಳಿದಳು.

"ಇಲ್ಲ. ಅವರ ಹೊಸ ಮೆಷಿನ್ ಕೊಂಡ್ರೆ ಮಾತ್ರ."

"ಈ ರಸ್ತೇಲಿ ಹನ್ನೊಂದು ಜನ ಮೆಕ್ಯಾನಿಕ್ ಇದ್ದಾರೆ. ಅವರು ಮಾಡಬಹುದಾ?"

"ನೀವು ಸಹಿ ಹಾಕಿದ್ರೆ ಮಾಡೋ ಹಾಗಿಲ್ಲ. ನಾನು ಈ ಹಾಳೆ ಹಾಕಿದ್ರೆ ಯಾರು ಬೇಕಾದ್ರೂ ಮಾಡಬಹುದು. ಆದ್ರೆ ಅದು ನಿಮ್ಮದೂ ಆಗಲ್ಲ. ಯಾರದೂ ಆಗಲ್ಲ."

"ನನ್ನ ಮನೇಲಿ ನನ್ನನ್ನೇ ಪುಕ್ಕಟೆ ಬಾಡಿಗೆಗೆ ಇಡ್ತಾರಂತಾ?" ಸೂಜಿಯಕ್ಕನ ಮುಖ ಕೆಂಪಗಾಗಿತ್ತು. "ಕೂಸು ಹೆತ್ತೋಳು ನಾನು. ಹೆತ್ತಿಲ್ಲ ಅಂತ ಸಹಿ ಹಾಕಿದ್ರೆ ಎತ್ಕೊಳ್ಳೋಕೆ ಬಿಡ್ತಾರಾ? ನನಗೆ ದಕ್ಕದಿದ್ರೆ ಹೋಗ್ಲಿ. ಅವರಿಗೆ ದಕ್ಕಬಾರ್ದು. ಹಾಕಿ ಹಾಳೇನ."

"ನೀವು ಬೇರೆ ವಕೀಲರನ್ನ ಇಟ್ಕೋಬಹುದು. ಅದು ನಿಮ್ಮ ಹಕ್ಕು."

"ತಪ್ಪು ಮಾಡಿದೋರೇ ಸರಿ ಮಾಡಿ. ಈಗ ಹೋಗಿ ಮೇಡಂ. ನಿಮ್ಮ ಮುಖ ನೋಡೋಕೆ ಆಗ್ತಿಲ್ಲ."

ವಿಚಾರಣೆಯಲ್ಲಿ ಹೊಸ ಹಾಳೆ ತೋರಿಸಬೇಕಿದ್ದರೆ ಐದು ದಿನ ಮುಂಚೆ ಎದುರಾಳಿಗೂ ಒಂದು ಪ್ರತಿ ಕೊಡಬೇಕು. ವಕೀಲೆ ಕಚೇರಿಯಲ್ಲಿ ಉಳಿದಿದ್ದ ಬಿಳಿ ಪ್ರತಿಯನ್ನು ಕಳಿಸಿದಳು. ಕೆಂಪು ಸುತ್ತು ಹಾಕಿದ್ದನ್ನು ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು. ತಮ್ಮ ಅಂದಿನಿಂದ ಅವಳೊಡನೆ ಮಾತು ಬಿಟ್ಟಿದ್ದ. ಆದರೂ ವಿಚಾರಣೆಯ ದಿನ ಬೆಳಿಗ್ಗೆ, ಆ ಗಾರ್ಡಿನ ಚಿತ್ರವನ್ನು ಗೋಡೆಯಷ್ಟು ದೊಡ್ಡದಾಗಿ ಬರೆದು, ಸುರುಳಿ ಸುತ್ತಿ, ಅವಳ ಮೇಜಿನ ಮೇಲಿಟ್ಟಿದ್ದ. ಮೂಲೆಯಲ್ಲಿ ತನ್ನ ಹೆಸರನ್ನೂ ಹಾಕಿದ್ದ. ಅವನು ಯಾವ ಚಿತ್ರಕ್ಕೂ ಹೆಸರು ಹಾಕಿದವನಲ್ಲ.

ಪೇಟೆಂಟ್ ಕಚೇರಿಯ ಮೂರನೇ ಮಹಡಿಯ ಕೋಣೆ. ಉದ್ದನೆಯ ಮೇಜು, ಗೊರ್ರೆನ್ನುವ ಫ್ಯಾನು, ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದ ಅಧಿಕಾರಿ. ಒಂದು ಕಡೆ ಕೆಂಪು ಪೆನ್ನು ಮತ್ತು ಕಂಪನಿಯ ಇಬ್ಬರು. ಇನ್ನೊಂದು ಕಡೆ ವಕೀಲೆ. ಹಿಂದಿನ ಕುರ್ಚಿಯಲ್ಲಿ ಸೂಜಿಯಕ್ಕ, ಬಿಗಿದ ಮುಖದಲ್ಲಿ.

ಕೆಂಪು ಪೆನ್ನು ಎದ್ದು ನಿಂತು ಚೆನ್ನಾಗಿಯೇ ಮಾತಾಡಿದ. ಅವನು ಕೆಟ್ಟ ವಕೀಲನಲ್ಲ. "ಇದೊಂದು ಖಾಸಗಿ ಸುದ್ದಿಹಾಳೆ. ಯಾವಾಗ ಅಚ್ಚಾಯ್ತೋ, ಯಾರಿಗೆ ಹೋಯ್ತೋ, ಹೋಯ್ತೋ ಇಲ್ವೋ, ಪುರಾವೆ ಇಲ್ಲ. ಹಳೇ ತಾರೀಕು ಹಾಕಿ ನಿನ್ನೆ ಅಚ್ಚು ಹಾಕಿಸಿದ್ರೂ ನಮಗೆ ತಿಳಿಯಲ್ಲ. ನಾನು ಯಾರ ಮೇಲೂ ಆರೋಪ ಮಾಡ್ತಿಲ್ಲ. ಈ ಹಾಳೆ ಆ ಹದಿನೇಳನೇ ತಾರೀಕಿಗೆ ಮುಂಚೆ ಹೊರಗಿನ ಒಬ್ಬನೇ ಒಬ್ಬ ಮನುಷ್ಯನ ಕೈ ಸೇರಿತ್ತು ಅಂತ ತೋರಿಸಲಿ, ಸಾಕು."

"ತೋರಿಸ್ತೀನಿ" ಎಂದಳು ವಕೀಲೆ. ಕೈಚೀಲದಿಂದ ಹಾಳೆ ತೆಗೆದು ಅಧಿಕಾರಿಯ ಮುಂದಿಟ್ಟಳು. "ಆ ಒಬ್ಬನೇ ಒಬ್ಬ ಮನುಷ್ಯ ಆರನೇ ತಾರೀಕು ಓದಿ, ತಪ್ಪು ತಿದ್ದಿ, ಸಹಿ ಹಾಕಿ ವಾಪಸ್ ಕಳಿಸಿದ್ದಾರೆ."

ಅಧಿಕಾರಿ ಹಾಳೆ ನೋಡಿದರು, ಕೆಂಪು ಪೆನ್ನನ್ನು ನೋಡಿದರು, ಮತ್ತೆ ಹಾಳೆ ನೋಡಿದರು. "ಈ ಅಕ್ಷರ ಯಾರದು?"

ಕೆಂಪು ಪೆನ್ನು ಕನ್ನಡಕ ಹಾಕಿಕೊಂಡ. ಎರಡನೇ ಪುಟ ನೋಡಿದ, ಮೂರನೇ ಪುಟಕ್ಕೆ ತಿರುವಿದ, ಚೌಕದ ಮೇಲೆ ಅವನ ಕಣ್ಣು ನಿಂತಿತು. ಕಂಪನಿಯ ಇಬ್ಬರಲ್ಲಿ ಒಬ್ಬ ಅವನ ತೋಳು ಹಿಡಿದು ಏನೋ ಪಿಸುಗುಟ್ಟಿದ. ಅವನು ತೋಳು ಬಿಡಿಸಿಕೊಂಡ.

"ನನ್ನದೇ" ಎಂದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆ ಮಟ್ಟಿಗೆ ಅವನನ್ನು ಮೆಚ್ಚಬೇಕು.

ಅಧಿಕಾರಿ ಮೂಗು ಒರೆಸಿಕೊಂಡು ವಕೀಲೆಯ ಕಡೆ ತಿರುಗಿದರು. ಅವರ ದನಿಯಲ್ಲಿ ಕರುಣೆಯಿತ್ತು, ಅವಳಿಗೆ ಅದೇ ಹೆಚ್ಚು ಚುಚ್ಚಿತು. "ಮೇಡಂ, ನಿಮ್ಮ ಕಕ್ಷಿದಾರರ ಅರ್ಜಿಯೂ ಇದರಿಂದ ಬಿದ್ದುಹೋಗುತ್ತೆ. ಯೋಚನೆ ಮಾಡಿದ್ದೀರಾ?"

"ಮಾಡಿದ್ದೀವಿ. ಅದನ್ನ ಇವತ್ತೇ ವಾಪಸ್ ತಗೊಳ್ತಿದ್ದೀವಿ."

"ಅರ್ಜಿಗೆ ಮುಂಚೆ ಇದನ್ನ ಪ್ರಕಟ ಮಾಡಿದ್ದು ಯಾರು ಅಂತ ನಾನು ಆದೇಶದಲ್ಲಿ ಬರೀಬೇಕಾಗುತ್ತೆ. ಬೇಕಿದ್ರೆ 'ಅರ್ಜಿದಾರರ ಕಡೆಯವರು' ಅಂತ ಬರೀತೀನಿ."

ಕೊಟ್ಟ ದಾರಿ ಅಗಲವಾಗಿತ್ತು, ನೆರಳಿತ್ತು. ಹೂಂ ಎಂದಿದ್ದರೆ ಸಾಕಿತ್ತು. ವಕೀಲೆ ಎದ್ದು ನಿಂತಳು.

"ಅರ್ಜಿದಾರರ ಕಡೆಯವರು ಅಂದ್ರೆ ಆಕೆ ಅಂತ ಜನ ತಿಳ್ಕೋತಾರೆ. ಆಕೆ ಮನೆಯವರಿಗೂ ತೋರಿಸ್ಲಿಲ್ಲ. ಬಾಯಿ ಬಿಟ್ಟೋಳು ನಾನು. ವಕೀಲೆ ಅಂತ ಬರೀರಿ. ನನ್ನ ನೋಂದಣಿ ಸಂಖ್ಯೆಯನ್ನೂ ಬರೀರಿ."

ಅಧಿಕಾರಿ ಬರೆದುಕೊಂಡರು. ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಕೆಂಪು ಪೆನ್ನು ಅವಳಿಗಾಗಿ ನಿಂತಿದ್ದ. "ನಿನ್ನ ಕಾಲಿಗೆ ನೀನೇ ಕೊಡಲಿ ಹಾಕ್ಕೊಂಡೆ" ಎಂದ.

"ನನ್ನ ಕಾಲು, ನನ್ನ ಕೊಡಲಿ" ಎಂದಳು ಅವಳು. "ನಿಮ್ಮವರು ಹಾಕ್ತಿದ್ದದ್ದು ಬೇರೆಯವರ ಬೆರಳಿಗೆ."

ಐದು ವಾರಕ್ಕೆ ಆದೇಶ ಬಂತು. ಕಂಪನಿಯ ಪೇಟೆಂಟ್ ರದ್ದು. ಸುದ್ದಿ ಹರಡಲು ಅಷ್ಟೂ ಬೇಕಾಗಿರಲಿಲ್ಲ. ಆ ಹೊತ್ತಿಗಾಗಲೇ ವಕೀಲೆಯ ಮೂವರು ಕಕ್ಷಿದಾರರು ಕಡತ ವಾಪಸ್ ತೆಗೆದುಕೊಂಡು ಹೋಗಿದ್ದರು. ಅವರಲ್ಲಿ ಒಬ್ಬ, ಇಪ್ಪತ್ತು ವರ್ಷದ ಪರಿಚಯದವನು, ಕಣ್ಣೆತ್ತಿಯೂ ನೋಡಲಿಲ್ಲ. ಅವಳಿಗೆ ನೋವಾಯಿತು. ಆದರೆ ಅವಳು ಯಾರಿಗೂ ವಿವರಣೆ ಕೊಡಲು ಹೋಗಲಿಲ್ಲ. ಆದೇಶದ ಪ್ರತಿಯನ್ನು, ತನ್ನ ಹೆಸರಿದ್ದ ಪುಟ ಮೇಲೆ ಬರುವಂತೆ, ಬಂದವರು ಕೂರುವ ಬೆಂಚಿನ ಎದುರಿಗೇ ತೂಗುಹಾಕಿದಳು. ಓದಿ ಎದ್ದು ಹೋಗುವವರು ಹೋಗಲಿ, ಓದಿಯೂ ಕೂರುವವರ ಕೆಲಸ ಮಾಡುತ್ತೇನೆ ಎಂದು ತಮ್ಮನಿಗೆ ಹೇಳಿದಳು. ತಮ್ಮ ಬೈದುಕೊಂಡೇ ಮೊಳೆ ಹೊಡೆದುಕೊಟ್ಟ.

ಸೂಜಿಯಕ್ಕನ ಅಂಗಡಿಯಲ್ಲಿ ಹನ್ನೊಂದು ಜನ ಮೆಕ್ಯಾನಿಕ್‌ಗಳು ಗಾರ್ಡು ಮಾಡುವುದನ್ನು ಕಲಿತರು ಎಂದು ಬೀಗದಂಗಡಿಯವನು ಹೇಳಿದ. ಆಕೆಯ ನಾದಿನಿಯೇ ಕಡ್ಡಿ ಬಗ್ಗಿಸುವುದನ್ನು ತೋರಿಸಿಕೊಡುತ್ತಿದ್ದಾಳಂತೆ. ಸೂಜಿಯಕ್ಕ ಮಾತ್ರ ಕಚೇರಿಯ ಕಡೆ ಬರಲಿಲ್ಲ. ಬಂದದ್ದು ಆದೇಶದ ಹತ್ತನೇ ದಿನ, ಮಧ್ಯಾಹ್ನ. ಈ ಸಲ ಕೂತಳು.

"ಮೇಡಂ, ವಕೀಲರ ಮೇಲೆ ದೂರು ಕೊಡೋಕೆ ಒಂದು ಜಾಗ ಇದೆಯಂತಲ್ಲ?"

"ಇದೆ. ಶಿಸ್ತು ಸಮಿತಿ."

"ನಿಮ್ಮ ಮೇಲೆ ಕೊಡ್ಬೇಕು."

ಹಿಂದಿನ ಕೋಣೆಯಿಂದ ತಮ್ಮ ಎದ್ದು ಬಂದ. "ಏನಮ್ಮಾ ಇದು? ಅಕ್ಕ ತಾನಾಗಿ ಬಂದು ಹೇಳದೇ ಇದ್ದಿದ್ರೆ ನಿಮಗೆ ಗೊತ್ತಾಗ್ತಿತ್ತಾ? ಎಲ್ಲರ ಮುಂದೆ ಒಪ್ಕೊಂಡಿದ್ದಾಳೆ. ಇನ್ನೂ ಏನು ಬೇಕು?"

"ಒಪ್ಕೊಂಡ್ರು. ಅದಕ್ಕೇ ಕ್ಷಮಿಸಿದ್ದೀನಿ" ಎಂದಳು ಸೂಜಿಯಕ್ಕ, ಅವನ ಕಡೆ ತಿರುಗದೆ. "ಕ್ಷಮೆ ನನ್ನ ಮನಸ್ಸಿಗೆ ಸೇರಿದ್ದು. ದೂರು ನನ್ನ ನಾದಿನಿಯ ಬೆರಳಿಗೆ ಸೇರಿದ್ದು. ಎರಡೂ ಬೇರೆ ಬೇರೆ ಫೈಲು. ನಾಳೆ ಇನ್ನೊಬ್ಬಳು ಡಬ್ಬಿ ಹಿಡ್ಕೊಂಡು ಇನ್ನೊಬ್ಬ ವಕೀಲರ ಹತ್ರ ಹೋಗ್ತಾಳೆ. ಅವರಿಗೆ ಭಯ ಇರ್ಬೇಕಲ್ಲ?"

"ಇರ್ಬೇಕು" ಎಂದಳು ವಕೀಲೆ. ಅವಳಿಗೆ ಸಿಟ್ಟು ಬಂದಿತ್ತು, ಇಲ್ಲವೆನ್ನುವಂತಿಲ್ಲ.

"ನನಗೆ ನಿಮ್ಮ ಭಾಷೆ ಬರೆಯೋಕೆ ಬರಲ್ಲ. ನಿಮ್ಮಷ್ಟು ಗಟ್ಟಿಯಾಗಿ ಬರೆಯೋರೂ ನನಗೆ ಗೊತ್ತಿಲ್ಲ. ನೀವೇ ಬರ್ಕೊಡಿ."

ವಕೀಲೆ ಒಂದು ಗಳಿಗೆ ಸೂಜಿಯಕ್ಕನನ್ನೇ ನೋಡಿದಳು. ಆಕೆ ಹಂಗಿಸಲು ಬಂದಿರಲಿಲ್ಲ. ಕೆಲಸಕ್ಕೆ ಬಂದಿದ್ದಳು. ವಕೀಲೆ ಹೊಸ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಬರೆಯತೊಡಗಿದಳು. ದೂರುದಾರರ ಹೆಸರು, ಎದುರುದಾರರ ಹೆಸರು, ತಾರೀಕುಗಳು, ಒಂದರ ಕೆಳಗೊಂದು ಸಂಗತಿ. ಒಂದು ಪುಟ ಮುಗಿದ ಮೇಲೆ ಜೋರಾಗಿ ಓದಿದಳು.

"'ಅಚಾತುರ್ಯದಿಂದ ಪ್ರಕಟಿಸಿದರು' ಅಂದ್ರಲ್ಲ, ಹಾಗಂದ್ರೇನು?" ಎಂದು ಸೂಜಿಯಕ್ಕ ತಡೆದಳು.

"ಗಮನ ತಪ್ಪಿ ಅಂತ."

"ಅದು ನಿಮ್ಮ ಪರವಾಗಿದೆ."

"ಹೌದು" ಎಂದಳು ವಕೀಲೆ. ಅದನ್ನು ಹೊಡೆದುಹಾಕಿ, 'ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ನೋಡುವ ಹೊಣೆ ತಮ್ಮದೆಂದು ತಿಳಿದಿದ್ದೂ, ನೋಡದೆ ಪ್ರಕಟಿಸಿದರು' ಎಂದು ಬರೆದಳು. ಎರಡನೇ ಪುಟದಲ್ಲಿ ನಾದಿನಿಯ ಬೆರಳು ಬಂತು. ಅಲ್ಲಿ ಅವಳ ಕೈ ನಿಧಾನವಾಯಿತು, ನಿಲ್ಲಲಿಲ್ಲ. ಬರೆದು ಮುಗಿಸಿ, ಒಂದು ಹೊಸ ಹಾಳೆಯಲ್ಲಿ ಎಲ್ಲವನ್ನೂ ಚಿತ್ತಿಲ್ಲದೆ ಮತ್ತೆ ಬರೆದು, ಸೂಜಿಯಕ್ಕನ ಮುಂದೆ ಸರಿಸಿದಳು.

"ಗಟ್ಟಿಯಾಗಿದೆಯಾ?" ಎಂದು ಕೇಳಿದಳು ಸೂಜಿಯಕ್ಕ.

"ನಾನು ಇದರ ವಿರುದ್ಧ ಕೇಸು ತಗೊಳ್ತಿರಲಿಲ್ಲ."

"ನಿಮ್ಮ ಸನ್ನದು ಹೋಗುತ್ತಾ?"

"ಹೋಗಬಹುದು. ಅಮಾನತಾಗಬಹುದು. ಅವರು ಕರೆದ ದಿನ ನಾನು ಹೋಗ್ತೀನಿ. ತಲೆ ತಗ್ಗಿಸ್ಕೊಂಡು ಹೋಗಲ್ಲ, ಅದನ್ನೂ ಹೇಳಿರ್ತೀನಿ."

"ತಗ್ಗಿಸ್ಬೇಡಿ" ಎಂದಳು ಸೂಜಿಯಕ್ಕ. "ನಾನೂ ಬಂದು ಪಕ್ಕದಲ್ಲೇ ಕೂತಿರ್ತೀನಿ." ಆಮೇಲೆ ಪೆನ್ನು ತೆಗೆದುಕೊಂಡು ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.